ತಣ್ಣನೆ ರೊಟ್ಟಿಯ ಐದು ದಿನ

ನಾನು ಒಂದು ಲೋಹದ ಪಟ್ಟಿ. ಕಬ್ಬಿಣವನ್ನೂ ಅಲ್ಯೂಮಿನಿಯಮ್ಮನ್ನೂ ಒಟ್ಟಿಗೆ ಕರಗಿಸಿ ನನ್ನನ್ನು ಎರಕ ಹೊಯ್ದರು. ನನ್ನ ಜೊತೆ ಹುಟ್ಟಿದವರು ಇನ್ನಿಬ್ಬರು. ಭದ್ರಾವತಿಯ ಒಂದು ಪ್ರಯೋಗಶಾಲೆಯಲ್ಲಿ ವಾರಿಜಾ ಎಂಬ ಸಂಶೋಧಕಿ ನಮ್ಮನ್ನು ಹತ್ತಿಯ ಮೇಲೆ ಮಲಗಿಸಿಟ್ಟಿದ್ದಳು.

ನನ್ನೊಳಗೆ ಪರಮಾಣುಗಳು ಸಾಲುಸಾಲಾಗಿ ಕುಳಿತಿವೆ. ನಡುನಡುವೆ ಕೆಲವು ಜಾಗ ಖಾಲಿ. ಕಾದಾಗ ಆ ಖಾಲಿ ಜಾಗಗಳು ಹೆಚ್ಚುತ್ತವೆ. ನಿಧಾನವಾಗಿ ಆರಿದರೆ ಒಂದೊಂದಾಗಿ ಅಂಚಿಗೆ ಸರಿದು ಮರೆಯಾಗುತ್ತವೆ. ಬೇಗ ಆರಿದರೆ ಒಳಗೇ ಸಿಕ್ಕಿಕೊಳ್ಳುತ್ತವೆ. ಆಗ ನಾವು ಬಿರುಸಾಗುತ್ತೇವೆ, ಬಗ್ಗಿಸಿದರೆ ಮುರಿಯುತ್ತೇವೆ.

ಕುಲುಮೆ ನೋಡಿಕೊಳ್ಳುತ್ತಿದ್ದವರು ಹಾಲೇಶಪ್ಪನವರು. ಮೂವತ್ತು ವರ್ಷ ಉಕ್ಕು ಕಾಯಿಸಿದ ಕೈ. ಸಾವಿರ ಡಿಗ್ರಿಗೆ ಕಾಯಿಸಿ, ಮುಚ್ಚಿದ ಕುಲುಮೆಯಲ್ಲೇ ಆರಲು ಬಿಡಿ ಎಂದು ವಾರಿಜಾ ಚೀಟಿ ಬರೆದುಕೊಡುತ್ತಿದ್ದಳು. ಆದರೂ ಬಗ್ಗಿಸಿ ನೋಡಿದಾಗ ನನ್ನ ಅಣ್ಣ ಮುರಿದ. ಎರಡನೆಯವನೂ ಮುರಿದ.

"ಇನ್ನೊಂದು ಉಳಿದಿದೆಯಲ್ಲ, ಅದೂ ಮುರಿದರೆ ಈ ವಿಷಯ ಬಿಟ್ಬಿಡಮ್ಮ" ಎಂದರು ಅವಳ ಪ್ರೊಫೆಸರು.

ಮೂರು ವರ್ಷದ ಕೆಲಸ. ಆ ದಿನ ಅವಳು ನನ್ನನ್ನು ಬಹಳ ಹೊತ್ತು ಹಿಡಿದು ಕೂತಿದ್ದಳು.

ನನ್ನ ಸರದಿ ಬಂತು. ಕಾದು ಕೆಂಪಾದೆ. ಮಧ್ಯಾಹ್ನ ಕುಲುಮೆ ಆರಿಸಿದರು. ಆಮೇಲೆ ಬಾಗಿಲು ನಾಲ್ಕು ಬೆರಳಿನಷ್ಟು ತೆರೆದುಕೊಂಡಿತು. ತಣ್ಣನೆ ಗಾಳಿ ಒಳನುಗ್ಗಿತು. ಆ ಸಂದಿಯ ಮುಂದೆ ಹಾಲೇಶಪ್ಪನವರು ತಮ್ಮ ಊಟದ ಡಬ್ಬಿ ಇಟ್ಟರು.

ಸ್ವಲ್ಪ ಹೊತ್ತಿಗೆ ಪಕ್ಕದ ಕೋಣೆಗೆ ಕೂಗಿದರು. "ಬನ್ನಿ ವಾರಿಜಮ್ಮ, ರೊಟ್ಟಿ ಬಿಸಿಯಾಗೈತೆ. ಚಿಂತೆ ಮಾಡ್ಕಂಡು ಎಷ್ಟು ದಿನ ಉಪಾಸ ಇರ್ತೀರಾ?"

ಅವಳು ಅಕ್ಕಿರೊಟ್ಟಿ ಮುರಿದಳು. ಕೈ ಅಲ್ಲೇ ನಿಂತಿತು.

"ಹಾಲೇಶಣ್ಣ, ಇದು ದಿನಾ ಎಲ್ಲಿ ಬಿಸಿಯಾಗುತ್ತೆ?"

"ಫರ್ನೇಸ್ ಬಾಗ್ಲಲ್ಲಿ. ಇನ್ನೆಲ್ಲಿ, ನಿಮ್ಮ ಪ್ರೊಫೆಸರ್ ತಲೆ ಮೇಲಾ?"

"ಮುರಿದ ಎರಡು ಪಟ್ಟಿ ಒಳಗಿದ್ದಾಗಲೂ ಬಾಗಿಲು ತೆಗೆದಿದ್ರಾ?"

ಅವರ ನಗು ಇಳಿಯಿತು. "ತೆಗ್ದಿದ್ದೆ. ನಮ್ಮ ಕೆಲಸದ ಉಕ್ಕಿಗೆ ಇಷ್ಟರಿಂದ ಏನೂ ಆಗ್ತಿರ್ಲಿಲ್ಲ ಕಣಮ್ಮ."

ಅವಳು ಬೈಯಲಿಲ್ಲ. "ಆ ಎರಡು ದಿನವೂ ನಾನು ಬಿಸಿ ರೊಟ್ಟಿ ತಿಂದಿದ್ದೀನಿ. ನಾನೂ ಕೇಳಲಿಲ್ಲ" ಎಂದಳು. ಆಮೇಲೆ ಮೆಲ್ಲಗೆ, "ಈ ಪಟ್ಟೀನ ನಾನೂರು ಡಿಗ್ರಿಯಲ್ಲಿ ಐದು ದಿನ ಇಟ್ಟು ನೋಡೋಣ. ಒಳಗೆ ಸಿಕ್ಕಿಕೊಂಡಿರೋ ಖಾಲಿ ಜಾಗ ಹೊರಟುಹೋಗಬಹುದು."

ಹಾಲೇಶಪ್ಪನವರು ಕುಲುಮೆಯ ಹಿಡಿಗೆ ತಂತಿ ಸುತ್ತಿ ಬಿಗಿದರು. ಒಳಗೆ ಹದವಾದ ಬಿಸಿ. ನನ್ನೊಳಗಿನ ಖಾಲಿ ಜಾಗಗಳು ಅವಸರವಿಲ್ಲದೆ ಅಂಚಿನ ಕಡೆ ನಡೆದವು. ಹೊರಗೆ ಪ್ರತಿ ಮಧ್ಯಾಹ್ನ ಸೆಟೆದ ರೊಟ್ಟಿ ಮುರಿಯುವ ಸದ್ದು.

"ಚಪ್ಪಲಿ ತಿಂದಂಗೈತೆ."

"ಸುಮ್ನೆ ತಿನ್ನಿ ಅಣ್ಣ."

ಏಳನೆಯ ದಿನ ಬೆಳಿಗ್ಗೆ, ಮುಚ್ಚಿದ ಕುಲುಮೆಯಲ್ಲೇ ಆರಿದ ನನ್ನನ್ನು ಬಗ್ಗಿಸುವ ಯಂತ್ರದಡಿ ಇಟ್ಟರು. ಭಾರ ಇಳಿಯಿತು. ನಾನು ಬಾಗಿದೆ; ಮುರಿಯಲಿಲ್ಲ. ವಾರಿಜಾ ಬಾಗಿದ ಜಾಗವನ್ನು ಬೆರಳಿನಿಂದ ಮತ್ತೆ ಮತ್ತೆ ಮುಟ್ಟಿ ನೋಡಿದಳು. ಹಾಲೇಶಪ್ಪನವರು ಡಬ್ಬಿ ಎತ್ತಿಕೊಂಡು ಕ್ಯಾಂಟೀನಿನ ಒಲೆಯ ಕಡೆ ಹೋದರು.

ಈಗ ನಾನು ಕುಲುಮೆಯ ಪಕ್ಕದ ಮೇಜಿನ ಮೇಲೆ, ಹಾಳೆಗಳು ಹಾರದಂತೆ ಕೂತಿದ್ದೇನೆ. ವಾರಿಜಾ ಪ್ರಬಂಧ ಮುಗಿಸಿ ಹೋಗಿದ್ದಾಳೆ. ನನ್ನೊಳಗೆ ಇನ್ನೂ ಕೆಲವು ಜಾಗ ಖಾಲಿಯೇ ಇವೆ. ಬಾಗುವಾಗ ಪರಮಾಣುಗಳ ಸಾಲು ಜಾರಿ ಹೊಸ ದೋಷಗಳೂ ಸೇರಿಕೊಂಡಿವೆ. ಅವಿಲ್ಲದೆ ಬಾಗಲು ಆಗುತ್ತಿರಲಿಲ್ಲ. ಕ್ಯಾಂಟೀನಿಗೆ ಹೋಗಲಾಗದ ಮಧ್ಯಾಹ್ನಗಳಲ್ಲಿ ಹಾಲೇಶಪ್ಪನವರು ಕುಲುಮೆಯ ಬಾಗಿಲಿಗೆ ಕೈಹಾಕುವ ಮುಂಚೆ ಒಮ್ಮೆ ನನ್ನ ಕಡೆ ನೋಡುತ್ತಾರೆ. ಆಮೇಲೆ ಕೈ ಹಿಂದೆಗೆದುಕೊಂಡು, ತಣ್ಣನೆ ಡಬ್ಬಿ ಬಿಚ್ಚುತ್ತಾರೆ.