ಪೆಟ್ಟಿಗೆಯೊಳಗಿನ ಕಪ್ಪೆಗಳು

ಸಂಜೆಯ ವಾರ್ತೆ ಮುಗಿದ ಕೂಡಲೇ ರೇಡಿಯೊದಲ್ಲಿ ಸೊಸೆಯ ಕಪ್ಪೆಗಳು ಕೂಗಬೇಕಿತ್ತು. ಮಳೆಗಾಲವಿಡೀ ಅವಳು ಮೊಣಕಾಲುದ್ದ ಬೂಟು ಹಾಕಿಕೊಂಡು ಕೆರೆಯ ಕೆಸರಿನಲ್ಲಿ ನಿಂತು ಹಿಡಿದ ದನಿಗಳು ಅವು. ಕತ್ತರಿಸಿ, ಜೋಡಿಸಿ, ನಿನ್ನೆ ತಾನೇ ಮುಗಿಸಿದ್ದಳು. ವಾರ್ತೆ ಶುರುವಾಗುವುದರೊಳಗೆ ಕಳಿಸದಿದ್ದರೆ ಯಾವುದೋ ಹಳೆಯ ಕಾರ್ಯಕ್ರಮ ಹಾಕಿಬಿಡುತ್ತೇವೆ ಎಂದು ರೇಡಿಯೊದವರು ಹೇಳಿದ್ದರು.

ದನಿಗಳೆಲ್ಲ ಇದ್ದದ್ದು ಉಗ್ರಾಣದ ಅಟ್ಟದ ಮೇಲಿನ ಪುಟ್ಟ ಪೆಟ್ಟಿಗೆಯಲ್ಲಿ. ಮನೆಯ ನೆಟ್‌ವರ್ಕಿಗೆ ಸೇರಿದ್ದ ಆ ಪೆಟ್ಟಿಗೆ ನಡುಮನೆಯ ಕಂಪ್ಯೂಟರಿನಲ್ಲಿ ಒಂದು ಡ್ರೈವ್ ಆಗಿ ಕಾಣುತ್ತಿತ್ತು. ಇವತ್ತು ಅದರ ಚಿತ್ರದ ಮೇಲೆ ಕೆಂಪು ಗೀಟು. ಒತ್ತಿದರೆ, ಸಂಪರ್ಕ ಸಿಗುತ್ತಿಲ್ಲ.

ಕಂಪ್ಯೂಟರ್ ಆರಿಸಿ ಹಚ್ಚಿದಳು. ರೂಟರ್ ಆರಿಸಿ ಹಚ್ಚಿದಳು. ಏಣಿ ಹತ್ತಿ ಪೆಟ್ಟಿಗೆಯ ತಂತಿ ಅದುಮಿದಳು. ಅದರ ಹಸಿರು ದೀಪ ಏನೂ ಆಗದ ಹಾಗೆ ಮಿನುಗುತ್ತಿತ್ತು. ಹಳೆಯ ಸಂಪರ್ಕ ಅಳಿಸಿ ಹೊಸದಾಗಿ ಜೋಡಿಸಲು ಹೋದರೆ ಅದೂ ಆಗಲಿಲ್ಲ.

"ಏನಮ್ಮಾ, ಮರಿ ಹಾಕಿದ ಬೆಕ್ಕಿನ ಹಾಗೆ ಅಟ್ಟ ಹತ್ತಿ ಇಳೀತಾನೇ ಇದ್ದೀಯ?" ಬಟಾಣಿ ಸುಲಿಯುತ್ತಿದ್ದ ಅತ್ತೆ ಕೇಳಿದರು.

"ಕಪ್ಪೆಗಳು ಪೆಟ್ಟಿಗೇಲಿ ಸಿಕ್ಕಾಕೊಂಡಿವೆ ಅತ್ತೆ."

"ಕೆರೇಲಿ ಹಾಯಾಗಿದ್ದೋವನ್ನ ಪೆಟ್ಟಿಗೇಲಿ ತುಂಬು ಅಂದೋರ್ಯಾರು?"

ಅಷ್ಟರಲ್ಲಿ ಮೈದುನ ಕೊಟ್ಟಿಗೆಯಿಂದ ಕೈ ಒರೆಸಿಕೊಳ್ಳುತ್ತ ಬಂದ. ಗಬ್ಬದ ಹಸುವಿನ ಮೇಲೆ ಕಣ್ಣಿಡಲು ಅಲ್ಲಿ ಬೆಳಿಗ್ಗೆ ತಾನೇ ಒಂದು ಕ್ಯಾಮೆರಾ ಕೂರಿಸಿದ್ದ. ಆ ಹಿಗ್ಗು ಇನ್ನೂ ಮುಖದಲ್ಲಿತ್ತು.

"ನಾನೂ ನೋಡ್ಲಾ ಅತ್ತಿಗೆ?"

"ನೋಡು. ಏನೂ ಮುಟ್ಬೇಡ."

ಪೆಟ್ಟಿಗೆ ಓಗೊಡುತ್ತದೆಯೇ ಎಂದು ಅವಳು ಕಂಪ್ಯೂಟರಿನಲ್ಲಿ ಅದರ ನೆಟ್‌ವರ್ಕ್ ನಂಬರ್ ಬರೆದು ಕರೆದಳು. ತೆರೆಯ ಮೇಲೆ ಸಾಲು ಸಾಲಾಗಿ ಉತ್ತರ ಬಂತು.

"ಬದುಕಿದೆ! ಆದ್ರೆ ಬಾಗಿಲು ಮಾತ್ರ ತೆಗೀತಿಲ್ಲ. ಹೋಗು, ಒಂದ್ಸಲ ಅದರ ತಂತಿ ಕಿತ್ತುಬಿಡು."

ಮೈದುನ ಅಟ್ಟ ಹತ್ತಿದ. ಉತ್ತರಗಳು ನಿಲ್ಲಲಿಲ್ಲ. ಅವಳು ಅಟ್ಟದತ್ತ ಕೂಗಿದಳು.

"ಕಿತ್ತೆಯೇನೋ?"

"ಕೈಯಲ್ಲೇ ಹಿಡ್ಕೊಂಡಿದೀನಿ!"

"ಹಾಗಾದ್ರೆ ಇಲ್ಲಿ ಮಾತಾಡ್ತಿರೋರು ಯಾರು?"

ಅವನು ಎರಡೆರಡು ಮೆಟ್ಟಿಲು ಧುಮುಕಿ ಬಂದ. ಅತ್ತೆಯೂ ಎದ್ದು ಬಂದರು. ಸೊಸೆ ಅದೇ ನಂಬರನ್ನು ಬ್ರೌಸರಿನಲ್ಲಿ ಒತ್ತಿದಳು. ತೆರೆ ಕಪ್ಪಾಯಿತು, ಮತ್ತೆ ಬೆಳಗಿತು. ಒಂದು ದೊಡ್ಡ ಒದ್ದೆ ಮೂಗು ಕಾಣಿಸಿ, ಸೊರ್‍ರೆಂದು ಉಸಿರು ಬಿಟ್ಟಿತು.

"ಅಯ್ಯೋ, ನಮ್ಮ ಹಸು!" ಅತ್ತೆ ಬಟಾಣಿಯ ಬೋಗುಣಿ ಚೆಲ್ಲಿಕೊಂಡರು.

"ಕ್ಯಾಮೆರಾಗೆ ಯಾವ ನಂಬರ್ ಕೊಟ್ಟೆ?" ಸೊಸೆ ಮೈದುನನತ್ತ ತಿರುಗಿದಳು.

"ಕೂರಿಸುವಾಗ ಒಂದು ನಂಬರ್ ಕೊಡಿ ಅಂತ ಅದು ಕೇಳ್ತು. ಪೆಟ್ಟಿಗೆ ಮೇಲೆ ನೀವು ಸೀಮೆಸುಣ್ಣದಲ್ಲಿ ಬರ್ದಿದ್ರಲ್ಲ, ಅದನ್ನೇ ಕೊಟ್ಟೆ. ಅದು ನಮ್ಮನೆ ಗುರುತು ಅಂದ್ಕೊಂಡೆ."

ಅವನದೂ ತಪ್ಪೆನ್ನುವಂತಿರಲಿಲ್ಲ. ಆ ಮನೆಯ ಹಾಲಿನ ಕ್ಯಾನು, ಬುಟ್ಟಿ, ಗುದ್ದಲಿಯ ಕಾವು, ಎಲ್ಲಕ್ಕೂ ನೀಲಿ ಬಣ್ಣದ ಒಂದೇ ಗುರುತು. ಹೊಸ ಸಾಮಾನು ಬಂದರೆ ಮೊದಲು ಗುರುತು, ಆಮೇಲೆ ಬಳಕೆ.

"ಬಕೆಟ್ಟಿಗಾದ್ರೆ ಸರಿ ಕಣಯ್ಯಾ ಮಹಾನುಭಾವ! ಇಲ್ಲಿ ಒಂದೊಂದಕ್ಕೂ ಬೇರೆ ಬೇರೆ ನಂಬರ್ ಇರ್ಬೇಕು. ಓಡು, ಕ್ಯಾಮೆರಾ ಆರಿಸು!"

ಅವನು ಕೊಟ್ಟಿಗೆಗೆ ಓಡಿದ, ಅವಳು ಅಟ್ಟಕ್ಕೆ. ತಂತಿ ಸಿಕ್ಕಿಸಿ ಇಳಿಯುವಷ್ಟರಲ್ಲಿ ಅತ್ತೆ ರೇಡಿಯೊ ಹಾಕಿಬಿಟ್ಟಿದ್ದರು. ಅದರಲ್ಲಿ ಪೇಟೆಯ ತರಕಾರಿ ಧಾರಣೆ ಓದುತ್ತಿದ್ದರು. ಅದಾದ ಮೇಲೆ ವಾರ್ತೆಯೇ. ನಂಬರ್ ಬರೆದಳು, ಪಾಸ್‌ವರ್ಡ್ ಕೊಟ್ಟಳು. ಅವಸರಕ್ಕೆ ಒಂದಕ್ಷರ ತಪ್ಪಿತು. ಮತ್ತೆ ಕೊಟ್ಟಳು. ಡ್ರೈವ್ ತೆರೆದುಕೊಂಡಿತು! ಕಪ್ಪೆಗಳ ಕಡತ ಅಲ್ಲೇ ಇತ್ತು. ಕಳಿಸಲು ಒತ್ತಿದಳು. ನೀಲಿ ಪಟ್ಟಿ ಬಸವನಹುಳುವಿನಂತೆ ತೆವಳತೊಡಗಿತು.

"ತಳ್ಳಮ್ಮಾ ಅದನ್ನ!" ಅತ್ತೆ ಅವಳ ಭುಜ ಹಿಡಿದು ಅಲುಗಾಡಿಸಿದರು.

ಈರುಳ್ಳಿಯ ಧಾರಣೆ ಮುಗಿಯುವ ಹೊತ್ತಿಗೆ ಪಟ್ಟಿ ತುದಿ ಮುಟ್ಟಿತು. ಫೋನು ಬಡಿದುಕೊಂಡಿತು. "ಬಂತು ಕಣ್ರೀ, ಕೇಳಿಸ್ತಿದೆ," ಎಂದರು ರೇಡಿಯೊದವರು.

ವಾರ್ತೆ ಮುಗಿಯಿತು. ಮೊದಲು ಒಂದು ಕಪ್ಪೆ ಗಂಟಲು ಸರಿಮಾಡಿಕೊಂಡಿತು, ಇನ್ನೊಂದು ಜೊತೆಗೂಡಿತು, ಆಮೇಲೆ ಇಡೀ ಕೆರೆಯೇ ನಡುಮನೆಯಲ್ಲಿ ತುಂಬಿಕೊಂಡಿತು. ಕೊಟ್ಟಿಗೆಯಿಂದ ಮರಳಿದ್ದ ಮೈದುನ ರೇಡಿಯೊದ ದನಿ ಏರಿಸಿದ. ಸೊಸೆ ಕೂರಲಾರದೆ, ಏಣಿಗೆ ಒರಗಿ ನಿಂತೇ ಕೇಳಿದಳು.

"ಇವು ನಮ್ಮ ಕೆರೆ ಕಪ್ಪೆಗಳೇನೇ?" ಅತ್ತೆ ಪಿಸುಗುಟ್ಟಿದರು. "ಇಷ್ಟು ವರ್ಷ ಬಾಯಿ ಮುಚ್ಚಿ ಅಂತ ಇವನ್ನ ಬೈದುಬಿಟ್ನಲ್ಲೇ!"