ಗೋಡೆ ಒಂದೋ ಎರಡೋ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು ಯಾರೋ, ಕಟ್ಟಿದ ಮನೆಯನ್ನು ಕೊಂಡು ನೋಡಿರಲಿಲ್ಲ ಎಂದು ಕಾಣುತ್ತದೆ. ಕೊಳ್ಳುವ ಮೊದಲು ಅದು ಎಂಥಾ ಮನೆ ಎಂದು ಬರೆಯಬೇಕಂತೆ. ಬ್ಯಾಂಕಿನ ಎಂಜಿನಿಯರ್ ತಂದ ಫಾರಮ್ಮಿನಲ್ಲಿ ನಾಲ್ಕು ಚೌಕಗಳಿದ್ದವು: ಒಂಟಿ ಮನೆ, ಜೋಡಿ ಮನೆ, ಸಾಲು ಮನೆ, ಫ್ಲ್ಯಾಟು. ಗುರುತು ಹಾಕಬೇಕಾದ್ದು ಒಂದಕ್ಕೆ ಮಾತ್ರ.

"ಒಂಟಿ ಮನೆ ಅಂತ ಹಾಕಿ," ಎಂದೆ.

ಆತ ಕತ್ತು ಓರೆ ಮಾಡಿ ನೋಡಿದ. ನಾವು ಕೊಳ್ಳಲಿರುವ ಮನೆಯೂ ಪಕ್ಕದ ಮನೆಯೂ ಭುಜಕ್ಕೆ ಭುಜ ತಾಗಿಸಿಕೊಂಡು ನಿಂತಿದ್ದವು. ಬಣ್ಣ ಬೇರೆ ಬೇರೆ, ಸರಿ. ನಡುವೆ ಮಾತ್ರ ಕೂದಲು ತೂರಲೂ ಜಾಗ ಕಾಣಲಿಲ್ಲ.

"ಮಧ್ಯದ ಗೋಡೆ ಒಂದೇ ಆದ್ರೆ ಇದು ಜೋಡಿ ಮನೆ ಕಣಮ್ಮಾ. ಆಗ ನೀವು ಸಾಲದ ಅರ್ಜೀಲಿ ಬರೆದಿರೋ ಹೊಲಿಗೆ ಮಿಷಿನ್ ಓಡಿಸೋಕೆ ಪಕ್ಕದವರ ಸಹಿ ಬೇಕು. ಒಂಟಿ ಮನೆಗಾದ್ರೆ ಬೇಡ."

ಬಟ್ಟೆ ಹೊಲಿಯುವುದೇ ನನ್ನ ಕಸುಬು, ನನ್ನ ಜೀವ. ನನ್ನ ಮೂರು ಮಿಷಿನ್ನುಗಳ ಸದ್ದು ಸಹಿಸದೆ ಮೂವರು ಮಾಲೀಕರು ನಮ್ಮಿಂದ ಬಾಡಿಗೆ ಮನೆ ಬಿಡಿಸಿದ್ದರು. ನಾಲ್ಕನೆಯವಳು ಮಿಷಿನ್ ಮುಟ್ಟಕೂಡದು ಎಂದೇ ಬೀಗದ ಕೈ ಕೊಟ್ಟವಳು. ಆರು ತಿಂಗಳಿಂದ ಅವು ಹಳೇ ಬೆಡ್‌ಶೀಟು ಹೊದ್ದು ಮೆಟ್ಟಿಲ ಕೆಳಗೆ ಮಲಗಿವೆ. ಅವು ಓಡದ ಮನೆ ಕಟ್ಟಿಕೊಂಡು ನಾನೇನು ಮಾಡಲಿ?

ಪಕ್ಕದ ಮನೆಯಲ್ಲಿರುವವರು ನಿವೃತ್ತ ಲೆಕ್ಕದ ಮೇಷ್ಟ್ರು. ಬೀದಿಗೆಲ್ಲ ಅವರು ಉಹೂಂ ಮೇಷ್ಟ್ರು. ಏಣಿ ಇದೆಯಾ ಎಂದರೆ ಉಹೂಂ. ಊಟ ಆಯಿತಾ ಎಂದರೆ, ಆಗಿದ್ದರೂ ಉಹೂಂ. ಹೋಗಿ ಸಹಿ ಕೇಳಿದೆ. ನನ್ನ ಮಾತು ಮುಗಿಯುವ ಮೊದಲೇ ಉಹೂಂ ಬಂತು, ಅದರ ಹಿಂದೆಯೇ ಬಾಗಿಲು ಹಾಕಿಕೊಂಡಿತು.

"ಇರ್ಲಿ ಬಿಡೇ, ಬೇರೆ ಮನೆ ನೋಡೋಣ," ಎಂದರು ನಮ್ಮೆಜಮಾನರು.

"ರೀ, ಇನ್ನೊಂದ್ಸಲ ಇರ್ಲಿ ಬಿಡು ಅಂದ್ರೆ ನಿಮ್ಮ ಬಾಯಿಗೇ ಗುಂಡಿ ಹೊಲಿದುಬಿಡ್ತೀನಿ!"

ಸಿಟ್ಟು ಬಂದಾಗಲೇ ನನಗೆ ಬುದ್ಧಿ ಓಡುವುದು. ಕೋಟಿನ ಒಳಗೆ ಲೈನಿಂಗ್ ಬಟ್ಟೆ ಇದೆಯೋ ಇಲ್ಲವೋ ಎಂದು ಎದುರಿನಿಂದ ನೋಡಿದರೆ ತಿಳಿಯುವುದಿಲ್ಲ, ಅಂಚು ಬಿಡಿಸಿ ನೋಡಬೇಕು. ಮನೆಯ ಅಂಚು ಇರುವುದು ಮೇಲೆ. ಎಂಜಿನಿಯರನ್ನು ತಾರಸಿಗೆ ಹತ್ತಿಸಿದೆ.

"ಗೋಡೆ ಎರಡು ಅಂತ ತೋರ್ಸಿ, ಈಗಲೇ ಒಂಟಿ ಅಂತ ಬರೀತೀನಿ," ಎಂದ ಪುಣ್ಯಾತ್ಮ.

ಎರಡು ಮನೆಗಳ ಸಂದಿಗೆ ಯಾರೋ ಮೇಲಿನಿಂದ ಸಿಮೆಂಟು ಮೆತ್ತಿದ್ದರು. ಅಲ್ಲಲ್ಲಿ ಅದು ಬಿರುಕು ಬಿಟ್ಟಿತ್ತು. ಚೀಲದಿಂದ ದಾರದ ಉಂಡೆ ತೆಗೆದು, ತುದಿಗೆ ಮಿಷಿನ್ನಿನ ಒಂದು ಸ್ಟೀಲ್ ಬಾಬಿನ್ ಕಟ್ಟಿ ಒಂದು ಬಿರುಕಿನಲ್ಲಿ ಇಳಿಬಿಟ್ಟೆ. ಒಂದು ಮೊಳ ಇಳಿದು ನಿಂತಿತು. ಇನ್ನೊಂದು ಬಿರುಕಿನಲ್ಲಿ ಬಿಟ್ಟೆ. ಅಲ್ಲಿ ಗೇಣುದ್ದವೂ ಇಳಿಯಲಿಲ್ಲ. ಎಂಜಿನಿಯರ್ ಪಾಪ ಎಂಬಂತೆ ನನ್ನ ಮುಖ ನೋಡಿ ಪೆನ್ನಿನ ಮುಚ್ಚಳ ತೆಗೆದ. ನನಗೆ ಅಳುವೇ ಬಂತು.

ಆಗ ಕಂಡರು ಉಹೂಂ ಮೇಷ್ಟ್ರು. ತಮ್ಮ ತಾರಸಿಯಲ್ಲಿ ಒದ್ದೆ ಅಂಗಿ ಹಿಡಿದು ನಮ್ಮನ್ನೇ ನೋಡುತ್ತಿದ್ದರು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎನ್ನುತ್ತಾರಲ್ಲ, ಅದು ನೆನಪಾಯಿತು.

"ಮೇಷ್ಟ್ರೇ, ಒಳ್ಳೇ ಸುದ್ದಿ! ಈ ಗೋಡೆ ನಮ್ಮಿಬ್ಬರದೂ ಅಂತೆ. ಅರ್ಧ ನಂದು, ಅರ್ಧ ನಿಮ್ದು!"

"ಉಹೂಂ!" ಅಂಗಿ ಕೈಜಾರಿ ಬಿತ್ತು. "ಯಾವನ್ರೀ ಹೇಳಿದ್ದು? ನಮ್ಮಪ್ಪ ಇನ್ನೊಬ್ಬರ ಗೋಡೆಗೆ ಬೆನ್ನು ಕೊಟ್ಟೋರಲ್ಲ. ನನ್ನ ಗೋಡೆ ನಂದು, ನಿಮ್ಮ ಗೋಡೆ ನಿಮ್ದು! ಅಲ್ಲಿ ಏನು ಕೆದಕ್ತೀರಾ, ನಿಮ್ಮ ನೀರಿನ ಟ್ಯಾಂಕಿನ ಹಿಂದೆ ಬಿಡಿ ದಾರ. ನನ್ನ ಬೀರುವಿನ ಬೀಗದ ಕೈ ಅಲ್ಲೇ ಬಿದ್ದು ನೆಲ ಸೇರಿದೆ. ಇವತ್ತಿಗೂ ಬೀರು ತೆಗೆದಿಲ್ಲ!"

ಟ್ಯಾಂಕಿನ ಹಿಂದೆ ಓಡಿದೆ. ಬೆರಳು ತೂರುವಷ್ಟು ಸಂದು. ಬಾಬಿನ್ ಬಿಟ್ಟೆ. ದಾರ ಸರಸರ ಇಳಿಯಿತು, ಇಳಿಯುತ್ತಲೇ ಹೋಯಿತು, ಉಂಡೆ ನನ್ನ ಅಂಗೈಯಲ್ಲಿ ಗಿರಗಿರ ತಿರುಗಿತು. ಕೊನೆಗೆ ತಳದಲ್ಲೆಲ್ಲೋ ಟಣ್ ಎಂದಿತು. ಎಂಜಿನಿಯರ್ ದಾರವನ್ನು ಮೇಲೆಳೆದು, ಟೇಪು ಹಿಡಿದು ಅಳೆದ. ಸರಿಯಾಗಿ ಮನೆಯಷ್ಟೇ ಎತ್ತರ! ಒಂಟಿ ಮನೆಯ ಚೌಕಕ್ಕೆ ಗುರುತು ಬಿತ್ತು. ನಾನು ಆ ಟ್ಯಾಂಕಿಗೇ ಒರಗಿ ಗೊಳೋ ಎಂದು ಅತ್ತೆ. ಖುಷಿಗೇ ಅತ್ತದ್ದು.

ಒಕ್ಕಲು ಬಂದ ಮರುದಿನ ಮೂರೂ ಮಿಷಿನ್ನುಗಳಿಗೆ ಎಣ್ಣೆ ಬಿಟ್ಟೆ. ಕಾಗದದಲ್ಲಿ ಗೋಡೆ ಎರಡಾದರೇನು, ಮೇಷ್ಟ್ರ ಕಿವಿಗೆ ಅದು ಗೊತ್ತಾಗಬೇಕಲ್ಲ! ದಿನಾ ಜಗಳವಾದರೆ ಇದೂ ಐದನೆಯ ಬಾಡಿಗೆ ಮನೆಯಂತೆಯೇ. ನಮ್ಮೆಜಮಾನರನ್ನು ದೊಡ್ಡ ಮಿಷಿನ್ನಿನ ಮುಂದೆ ಕೂರಿಸಿ, "ನಾನು ಬರೋವರೆಗೂ ನಿಲ್ಲಿಸಬೇಡಿ," ಎಂದು ಹೇಳಿ, ಜಗಳಕ್ಕೆ ಬೇಕಾದ ಮಾತುಗಳನ್ನೆಲ್ಲ ಜೋಡಿಸಿಕೊಂಡು ಪಕ್ಕದ ಮನೆಗೆ ಹೋದೆ.

ಮೇಷ್ಟ್ರು ಬಾಗಿಲು ತೆರೆದರು. ಗಡಗಡ ಸದ್ದು ಅವರ ನಡುಮನೆಯ ತುಂಬ ಕೇಳುತ್ತಿತ್ತು. ಮೇಜಿನ ಮೇಲಿನ ಖಾಲಿ ಲೋಟದಲ್ಲಿ ಚಮಚ ಟಿಣಿಟಿಣಿ ಕುಣಿಯುತ್ತಿತ್ತು. ಜೋಡಿಸಿಟ್ಟಿದ್ದ ಮಾತುಗಳನ್ನೆಲ್ಲ ಬಿಟ್ಟು ಇಷ್ಟೇ ಕೇಳಿದೆ.

"ಮೇಷ್ಟ್ರೇ, ಸದ್ದು ಏನಾದ್ರೂ ಕೇಳಿಸ್ತಿದೆಯಾ?"

ಅವರು ಲೋಟದ ಕಡೆ ನೋಡಿದರು. ನನ್ನ ಕಡೆ ನೋಡಿದರು. ನಿಧಾನಕ್ಕೆ ಮೇಜಿನ ಹತ್ತಿರ ಹೋಗಿ, ಚಮಚ ಎತ್ತಿ ಜೇಬಿಗೆ ಹಾಕಿಕೊಂಡರು.

"ಉಹೂಂ."