ಒರೆಸ್ಟ್‌ನ ನಂಬರು

ಶವಪೆಟ್ಟಿಗೆಯ ಮುಚ್ಚಳ ಹಾಕುವುದಕ್ಕೆ ಮುಂಚೆ ಒರೆಸ್ಟ್‌ನ ಹೆಬ್ಬೆರಳನ್ನು ಒಂದೇ ಒಂದು ಸಲ ಅವನದೇ ಫೋನಿನ ಮೇಲೆ ಒತ್ತಿಸಲು ಆಗುತ್ತದೆಯೇ ಎಂದು ಡ್ವೇಯ್ನ್ ಕೇಳಿದ. ಚರ್ಚಿನ ಮುದುಕಿಯರು ಒಬ್ಬೊಬ್ಬರಾಗಿ ಪೆಟ್ಟಿಗೆಯ ಬಳಿ ಹೋಗಿ, ಒರೆಸ್ಟ್‌ನ ಎದೆಯ ಮೇಲಿದ್ದ ಶಿಲುಬೆಗೆ ಮುತ್ತಿಟ್ಟು ಬರುತ್ತಿದ್ದರು. ಡ್ವೇಯ್ನ್ ಕೆಂಡ್ರಾಳ ತೋಳು ಹಿಡಿದು ಕಂಬದ ಹಿಂದಕ್ಕೆ ಕರೆದುಕೊಂಡು ಬಂದಿದ್ದ.

"ಏನಂದ್ರಿ?" ಎಂದಳು ಕೆಂಡ್ರಾ.

"ಬೆರಳು ಕಣಮ್ಮ. ಸುಮ್ನೆ ಒಂದ್ಸಲ ಒತ್ತೋದು ಅಷ್ಟೆ. ಫೋನು ಹೇಗಾದ್ರೂ ಈಸ್ಕೊಳ್ಳೋಣ. ನಾನು ಅಡ್ಡ ನಿಂತಿರ್ತೀನಿ, ಯಾರಿಗೂ ಕಾಣ್ಸಲ್ಲ."

"ಸತ್ತವರ ಬೆರಳಿಗೆ ಫೋನ್ ತೆರ್ಕೊಳ್ಳಲ್ಲ, ಡ್ವೇಯ್ನ್. ಜೀವ ಇರೋ ಚರ್ಮ ಬೇಕು ಅದಕ್ಕೆ."

"ಹೌದಾ?" ಅವನಿಗೆ ನಿಜಕ್ಕೂ ನಿರಾಸೆಯಾಯಿತು. "ಮತ್ತೆ ಮುಖ ತೋರಿಸಿದ್ರೆ?"

"ಕಣ್ಣು ಬಿಟ್ಟಿರಬೇಕು."

ಡ್ವೇಯ್ನ್ ಒಂದು ಗಳಿಗೆ ಪೆಟ್ಟಿಗೆಯ ಕಡೆ ನೋಡಿದ. ಏನು ಯೋಚಿಸುತ್ತಿದ್ದಾನೆಂದು ತಿಳಿದುಕೊಳ್ಳುವ ಆಸೆ ಕೆಂಡ್ರಾಳಿಗೆ ಇರಲಿಲ್ಲ.

ಡ್ವೇಯ್ನ್ ಕೆಟ್ಟ ಮೇಲಧಿಕಾರಿಯಲ್ಲ, ಪುಕ್ಕಲ ಮೇಲಧಿಕಾರಿ. ಬೆಳಿಗ್ಗೆ, ರೈತರ ಗೋಧಿ ಕೊಳ್ಳುವ ಇವರ ಕಂಪನಿಯ ಕಣಜಗಳಲ್ಲೆಲ್ಲ ಲಾರಿ ತೂಗುವ ಪ್ರೋಗ್ರಾಮು ತನ್ನಷ್ಟಕ್ಕೆ ತಾನು ಅಪ್‌ಡೇಟ್ ಆಗಲು ಹೋಗಿ ಬಾಗಿಲು ಹಾಕಿಕೊಂಡು ಕೂತುಬಿಟ್ಟಿತ್ತು. ತೆರೆಯಬೇಕಾದರೆ ಓಟಿಪಿ ಬೇಕು. ಓಟಿಪಿ ಹೋಗುವುದು ಒಂದೇ ಒಂದು ಫೋನಿಗೆ, ಆ ಫೋನು ಮುಂದಿನ ಸಾಲಿನಲ್ಲಿ ಕೂತಿದ್ದ ಒರೆಸ್ಟ್‌ನ ಹೆಂಡತಿ ಸ್ಟೆಫಾಳ ಕಪ್ಪು ಕೈಚೀಲದಲ್ಲಿತ್ತು. ಅತ್ತ ಗೋಧಿ ತುಂಬಿದ ಲಾರಿಗಳು ಕಣಜದ ಬಾಗಿಲಿಂದ ಹೆದ್ದಾರಿಯವರೆಗೂ ನಿಂತಿದ್ದವು. ಅವು ಖಾಲಿಯಾಗದೆ ಕೊಯ್ಲು ಮುಂದುವರಿಯುವಂತಿರಲಿಲ್ಲ. ನಾಳೆ ಹಿಮ ಬೀಳುತ್ತದೆಂದು ಯಾರ್ಕ್ಟನ್ ಪಟ್ಟಣದ ರೇಡಿಯೋ ಬೆಳಿಗ್ಗೆಯಿಂದ ಹೇಳುತ್ತಿತ್ತು.

"ಒಬ್ಬನ ಫೋನಿಗೆ ಮಾತ್ರ ಬರೋ ಹಾಗೆ ಮಾಡಿದ್ದು ಯಾರು?" ಎಂದ ಡ್ವೇಯ್ನ್.

"ಒರೆಸ್ಟ್."

"ನೋಡು ಮತ್ತೆ! ಈ ಕಂಪ್ಯೂಟರ್‌ನವರ ಬುದ್ಧೀನೇ ಇಷ್ಟು. ಬೀಗದ ಕೈ ಎಲ್ಲ ತಮ್ಮ ಸೊಂಟದಲ್ಲೇ ಇರಬೇಕು. ನಾವು ಬಂದು ಅಂಗಲಾಚಬೇಕು. ಅದರಲ್ಲೇ ಖುಷಿ ಇವರಿಗೆ."

ಕೆಂಡ್ರಾಳಿಗೆ ಮೈಯೆಲ್ಲ ಉರಿಯಿತು. ಇದಕ್ಕೆ ಉತ್ತರ ಅವಳೊಬ್ಬಳಿಗೇ ಗೊತ್ತಿತ್ತು. ಹೇಳೋಣವೆಂದರೆ ಅಷ್ಟರಲ್ಲಿ ಪಾದ್ರಿ ಧೂಪದ ಬಟ್ಟಲು ಆಡಿಸುತ್ತ ಪೆಟ್ಟಿಗೆಯ ಬಳಿ ಬಂದಿದ್ದರು.

"ಮಣ್ಣಾಗೋವರೆಗೂ ನಾನು ಸ್ಟೆಫಾಳನ್ನ ಏನೂ ಕೇಳಲ್ಲ," ಎಂದಳು.

"ಅಷ್ಟು ಹೊತ್ತಾ?" ಎಂದ ಡ್ವೇಯ್ನ್.

*

ಕೆಂಡ್ರಾ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ಮೊದಲ ಕೊಯ್ಲಿನಲ್ಲಿ ಒರೆಸ್ಟ್ ಲಾರಿ ತೂಗುವ ವೇಬ್ರಿಡ್ಜ್‌ನ ಕೋಣೆಯ ಮೇಜಿನ ಕೆಳಗೆ ಅಂಗಾತ ಮಲಗಿ, ಯಂತ್ರದೊಳಗಿನ ಗೋಧಿ ಧೂಳನ್ನು ಊದುತ್ತಿದ್ದ. ಅವನ ಅಂಗಿಯ ಮೇಲೆ ಸೊನ್ನೆ, ಒಂದುಗಳಲ್ಲಿ ಏನೋ ಜೋಕು ಬರೆದಿತ್ತು. ಆ ಜಿಲ್ಲೆಯಲ್ಲಿ ಅದಕ್ಕೆ ನಕ್ಕವಳು ಕೆಂಡ್ರಾ ಒಬ್ಬಳೇ. ಅವತ್ತಿನಿಂದ ಅವಳೆಂದರೆ ಅವನಿಗೆ ಅಕ್ಕರೆ.

"ನಿನ್ನ ನಂಬರ್ ಇವರಿಗೆ ಕೊಟ್ಟಿದ್ದೀಯಾ?" ಎಂದು ಮೇಜಿನ ಕೆಳಗಿಂದಲೇ ಕೇಳಿದ್ದ.

"ಇನ್ನೂ ಇಲ್ಲ. ಡ್ವೇಯ್ನ್ ಕೇಳ್ತಿದ್ರು, ಎಲ್ಲದರಲ್ಲೂ ಸೇರಿಸಬೇಕಂತೆ."

"ಸೇರಿಸೋನು ನಾನು. ಸೇರಿಸಲ್ಲ." ಸೀನಿ, ಕಣ್ಣು ಒರೆಸಿಕೊಂಡು ಹೊರಗೆ ತಲೆ ಹಾಕಿದ್ದ. "ನೋಡು, ಒಂದ್ಸಲ ನಿನ್ನ ನಂಬರ್ ಅಲ್ಲಿ ಹೋಯ್ತು ಅಂದ್ರೆ ಮುಗೀತು, ಹಗಲೂ ರಾತ್ರಿ ನಿನಗೇ ಫೋನು. ನನಗೂ ಹೊಸಬ ಸಿಗೋವರೆಗೆ ಅಂತಾನೇ ಹೇಳಿದ್ರು. ಆ ಪುಣ್ಯಾತ್ಮ ಇನ್ನೂ ದಾರೀಲಿದ್ದಾನೆ."

ಮಾತಿಗೆ ತಪ್ಪಲಿಲ್ಲ. ಡ್ವೇಯ್ನ್ ಕೇಳಿದಾಗೆಲ್ಲ "ಆ ಪ್ರೋಗ್ರಾಮು ಇಬ್ಬರನ್ನ ಒಪ್ಪಲ್ಲ" ಎಂದು ಮುಖ ಗಂಟಿಕ್ಕಿಕೊಂಡು ಸುಳ್ಳು ಹೇಳುತ್ತಿದ್ದ. ಕಂಪ್ಯೂಟರ್ ವಿಷಯವಲ್ಲವೇ, ಯಾರೂ ಎದುರಾಡುತ್ತಿರಲಿಲ್ಲ. ಕೆಂಡ್ರಾ ತಮ್ಮನ ಮದುವೆಯಲ್ಲಿ ಕುಣಿದಳು, ಕೆರೆಯಲ್ಲಿ ಈಜಿದಳು, ಸಿನಿಮಾಗಳನ್ನು ಕೊನೆಯವರೆಗೂ ನೋಡಿದಳು. ಒರೆಸ್ಟ್ ಮಾತ್ರ ಪ್ರತಿ ವರ್ಷ ಸ್ಯಾಸ್ಕಟೂನ್ ನಗರದಲ್ಲಿ ನಡೆಯುವ, ಕತೆ ಸಿನಿಮಾಗಳ ಪಾತ್ರಗಳ ವೇಷ ಹಾಕುವವರ ಮೇಳಕ್ಕೆ ಟಿಕೆಟ್ ತೆಗೆಯುತ್ತಿದ್ದ, ಪ್ರತಿ ವರ್ಷ ಅದೇ ದಿನ ಎಲ್ಲಾದರೂ ಒಂದು ಕಣಜದ ಕಂಪ್ಯೂಟರ್ ಕೆಡುತ್ತಿತ್ತು. ಸ್ಟೆಫಾ ಹೊಲಿದುಕೊಟ್ಟ ಮಂತ್ರವಾದಿಯ ನಿಲುವಂಗಿ ಬೀರುವಿನಲ್ಲೇ ಉಳಿಯಿತು.

ಹೋದ ತಿಂಗಳು ಕೆಂಡ್ರಾ ಅವನಿಗೊಬ್ಬನಿಗೇ ಹೇಳಿದ್ದಳು: ಸ್ಯಾಸ್ಕಟೂನಿನ ಕಾಲೇಜೊಂದರಲ್ಲಿ ಕೆಲಸ ಸಿಗುವ ಹಾಗಿದೆ. ಸಂಜೆಯಾದರೆ ಬಾಗಿಲು ಹಾಕಿಕೊಂಡು ಮನೆಗೆ ಹೋಗುವ ಕೆಲಸ. ಒರೆಸ್ಟ್ ಅವಳನ್ನು ಎತ್ತಿ ಒಂದು ಸುತ್ತು ತಿರುಗಿಸಿ, ಏದುಸಿರು ಬಿಡುತ್ತ ಕೆಳಗಿಳಿಸಿದ್ದ.

"ಕೊಯ್ಲು ಮುಗಿದ ಮಾರನೇ ದಿನ ಓಡು. ಹಿಂದೆ ತಿರುಗಿ ನೋಡಬೇಡ. ಡ್ವೇಯ್ನ್‌ಗೆ ನಾನೇ ಹೇಳ್ತೀನಿ."

ಹೇಳುವ ಮೊದಲೇ, ಮಂಗಳವಾರ ಮಧ್ಯಾಹ್ನ, ಕಣಜದ ಅಂಗಳದಲ್ಲಿ ನಿಲ್ಲಿಸಿದ ತನ್ನ ಗಾಡಿಯೊಳಗೆ ಅವನ ಹೃದಯ ನಿಂತಿತು. ಎಂಜಿನ್ನು ಓಡುತ್ತಲೇ ಇತ್ತು. ಒರೆಸ್ಟ್ ಫೋನ್ ಎತ್ತುತ್ತಿಲ್ಲ ಎಂದಾಗಲೇ ಎಲ್ಲರಿಗೂ ದಿಗಿಲಾಗಿ ಹುಡುಕಿಕೊಂಡು ಹೋದದ್ದು. ಕಾಲೇಜಿನವರು ಬುಧವಾರ ಕೆಲಸ ಖಾಯಂ ಎಂದು ಬರೆದರು, ಒಪ್ಪಿಗೆಯನ್ನು ಇವತ್ತು ಸಂಜೆಯೊಳಗೆ ತಿಳಿಸಬೇಕಿತ್ತು.

*

ಸ್ಮಶಾನದಲ್ಲಿ ಗಾಳಿ ಎಷ್ಟು ಜೋರಾಗಿತ್ತೆಂದರೆ ಪಾದ್ರಿಯ ಹಾಡು ಅರ್ಧಂಬರ್ಧ ಕೇಳಿಸಿತು. ಇವನ ನೆನಪು ಶಾಶ್ವತವಾಗಿರಲಿ ಎಂದು ಎಲ್ಲರೂ ಸೇರಿ ಹಾಡುವಾಗ ಗಂಡಸರಲ್ಲಿ ಅರ್ಧ ಜನ ಮೋಡದ ಕಡೆ ನೋಡುತ್ತಿದ್ದರು. ಅವರನ್ನು ದೂರುವಂತಿರಲಿಲ್ಲ. ಆಮೇಲೆ ಎಲ್ಲರೂ ಚರ್ಚಿನ ನೆಲಮಾಳಿಗೆಗೆ ಬಂದು, ಸತ್ತವರ ನೆನಪಿಗೆಂದು ಕೊಡುವ ಜೇನು ಬೆರೆಸಿದ ಬೆಂದ ಗೋಧಿಯನ್ನು ಒಂದೊಂದು ಚಮಚ ತಿಂದು ಊಟಕ್ಕೆ ಕೂತರು.

"ಕಂಪ್ಯೂಟರ್ ಕೆಲಸ ಅಂದ್ರೆ ಕೂತ್ಕೊಳ್ಳೋದು ತಾನೆ?" ಎಂದಳು ಒರೆಸ್ಟ್‌ನ ಸೋದರತ್ತೆ ಪಾಲಿ, ಬೋರ್ಷ್ ಎಂಬ ಬೀಟ್‌ರೂಟ್ ಸಾರಿಗೆ ಮೊಸರಿನಂಥ ಕೆನೆ ಸುರಿದುಕೊಳ್ಳುತ್ತ. "ಕೂತೂ ಕೂತೂ ರಕ್ತ ಗಟ್ಟಿಯಾಗಿ ಹೋಗಿರತ್ತೆ."

"ಅವನು ಕೂತಿದ್ದನ್ನ ನಾನಂತೂ ನೋಡಿಲ್ಲ ಅತ್ತೆ," ಎಂದ ನೆಸ್ಟರ್. ಅವನು ಒರೆಸ್ಟ್‌ನ ದೊಡ್ಡಪ್ಪನ ಮಗ, ರೈತ. ಅವನ ಲಾರಿಯೂ ಸಾಲಿನಲ್ಲಿ ನಿಂತಿತ್ತು. "ಹೋದ ವರ್ಷ ವೇಬ್ರಿಡ್ಜ್ ಅಡಿಗೆ ತೆವಳ್ಕೊಂಡು ಹೋಗಿ ಇಲಿ ಕಡಿದ ವೈರು ಸರಿ ಮಾಡ್ದ. ಮೇಲೆ ಬಂದಾಗ ಅವನೇ ಇಲಿ ಥರ ಇದ್ದ."

"ಇನ್ಮೇಲೆ ಅದೆಲ್ಲ ಏಐ ನೋಡ್ಕೊಳ್ಳತ್ತೆ ಬಿಡು," ಎಂದಳು ಪಾಲಿ. " ಟೀವೀಲಿ ಹೇಳ್ತಿದ್ರು."

"ಏಐ ಬಂದು ವೇಬ್ರಿಡ್ಜ್ ಅಡಿ ತೆವಳತ್ತಾ?"

ಎದುರಿಗೆ ಕೂತಿದ್ದ ದಪ್ಪನೆಯ ಮನುಷ್ಯ ವೇಡ್, ಒರೆಸ್ಟ್‌ನ ಶಾಲೆಯ ಕಾಲದ ಗೆಳೆಯ. ಕೋಟಿನ ಮೇಲೆ ಡ್ರ್ಯಾಗನ್ನಿನ ಚಿತ್ರದ ಟೈ ಕಟ್ಟಿಕೊಂಡು ಬಂದಿದ್ದ. ಅದಕ್ಕೆ ಬೆಳಿಗ್ಗೆಯಿಂದ ಪಾಲಿ ಅವನನ್ನು ಕೆಕ್ಕರಿಸಿ ನೋಡುತ್ತಿದ್ದಳು.

"ನಾವು ನಾಲ್ಕು ಜನ ಇನ್ನೂ ಗವಿ ಒಳಗೇ ಇದ್ದೀವಿ," ಎಂದ ವೇಡ್. "ಈಚೆ ಬರೋ ದಾರಿ ಅವನೊಬ್ಬನಿಗೇ ಗೊತ್ತಿದ್ದದ್ದು."

"ಅಯ್ಯೋ ದೇವರೇ, ಯಾವ ಗವಿ? ಎಲ್ಲಿ?" ಪಾಲಿಯ ಚಮಚ ನಿಂತಿತು.

"ಆಟದಲ್ಲಿ ಅತ್ತೆ. ದಾಳ ಹಾಕಿ ಕತೆ ಕಟ್ಟೋ ಆಟ. ಅವನು ಕತೆ ಹೇಳ್ತಿದ್ದ, ನಾವು ವೀರರು. ಗವಿ ಬಾಗಿಲು ಮುಚ್ಚಿಕೊಂಡಿತು, ಅಷ್ಟರಲ್ಲಿ ಅವನಿಗೆ ಫೋನ್ ಬಂತು. ಮುಂದಿನ ಸಲ ಅಂದ. ಮುಂದಿನ ಸಲಾನೂ ಫೋನ್ ಬಂತು." ವೇಡ್ ತನ್ನ ಟೈ ನೇರ ಮಾಡಿಕೊಂಡ. "ಮಗ್ಗಿ ಹೇಳಿದಷ್ಟು ಸಲೀಸಾಗಿ ಕತೆ ಹೇಳ್ತಿದ್ದ ಕಣ್ರೀ ಅವನು."

ಪಾಲಿ ಚಮಚ ಕೆಳಗಿಟ್ಟಳು. ಕೆಂಡ್ರಾಳ ಕಡೆ ತಿರುಗಿದಳು. "ನೀನೂ ಅವನ ಜೊತೆಯವಳೇ ಅಲ್ವಾ? ನನ್ನ ಟ್ಯಾಬ್ಲೆಟ್ಟಲ್ಲಿ ಅಕ್ಷರ ಎಲ್ಲ ಆನೆಯಷ್ಟು ದೊಡ್ಡದಾಗಿಬಿಟ್ಟಿವೆ. ಒಂಚೂರು ನೋಡ್ತೀಯಾ? ತಂದಿದ್ದೀನಿ."

ಕೆಂಡ್ರಾ ನೋಡಿದಳು. ಸರಿ ಮಾಡಿಕೊಟ್ಟಳು. ತಲೆ ಎತ್ತಿದಾಗ ದೂರದ ಮೇಜಿನಿಂದ ಡ್ವೇಯ್ನ್ ತನ್ನ ಕೈಗಡಿಯಾರ ತೋರಿಸುತ್ತಿದ್ದ.

*

ಸ್ಟೆಫಾ ಅಡುಗೆಮನೆಯ ಬಾಗಿಲಲ್ಲಿ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಚೀಲದೊಳಗೆ ಫೋನು ಗುರ್ ಎನ್ನುತ್ತಿತ್ತು.

"ಕೇಳೋಕೆ ಬಂದ್ಯಾ?" ಎಂದಳು. "ಡ್ವೇಯ್ನ್ ಮುಖ ನೋಡಿಯೇ ಗೊತ್ತಾಯ್ತು."

"ಕ್ಷಮಿಸು ಸ್ಟೆಫಾ. ಲಾರಿಗಳು ನಿಂತಿವೆ."

"ಆಸ್ಪತ್ರೆಯಲ್ಲಿ ಅವನ ಬಟ್ಟೆ ನನ್ನ ಕೈಗೆ ಕೊಟ್ಟಾಗಲೂ ಇದು ಬಡ್ಕೊಳ್ತಿತ್ತು. ಪೆಟ್ಟಿಗೆ ಆರಿಸೋವಾಗಲೂ ಬಡ್ಕೊಳ್ತಿತ್ತು. ಆಫ್ ಮಾಡೋಣ ಅಂತ ಗುಂಡಿ ಮೇಲೆ ಬೆರಳಿಡ್ತೀನಿ, ಅವನು ಬೈತಾನೆ ಅನ್ಸತ್ತೆ." ಫೋನನ್ನು ಹೊರಗೆ ತೆಗೆದಳು. "ಪಿನ್ ನಮ್ಮ ಮದುವೆ ತಾರೀಖು. ಮರೀಬಾರದು ಅಂತ ನಾನೇ ಹಾಕಿಸಿದ್ದೆ. ಕೊಡ್ತೀನಿ. ಆದ್ರೆ ಒಂದು ಮಾತು ನಡೆಸಿಕೊಡಬೇಕು ನೀನು."

"ಹೇಳು."

"ಅವನ ನಂಬರ್ ಅಲ್ಲಿಂದ ತೆಗಿ. ಇವತ್ತೇ. ಮಣ್ಣು ಮಾಡಿ ಬಂದಿದ್ದೀವಿ, ಇನ್ನಾದ್ರೂ ಅವನನ್ನ ಬಿಡಲಿ."

ಕೆಂಡ್ರಾ ಅವಳ ಕೈ ಹಿಡಿದುಕೊಂಡು ತೆಗೆಯುತ್ತೇನೆ ಎಂದಳು. ಇದಕ್ಕಿಂತ ನ್ಯಾಯವಾದ ಮಾತನ್ನು ಅವತ್ತು ಯಾರೂ ಆಡಿರಲಿಲ್ಲ.

ಕೋಟು ನೇತುಹಾಕುವ ಕೋಣೆಯ ಬೆಂಚಿನ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದಳು; ಡ್ವೇಯ್ನ್ ಹಿಂದೆಯೇ ಬಂದು ನಿಂತ. ಓಟಿಪಿ ಒರೆಸ್ಟ್‌ನ ಫೋನಿಗೆ ಬಂತು, ಹಾಕಿದಳು, ಪ್ರೋಗ್ರಾಮು ಒಳಗೆ ಬಿಟ್ಟುಕೊಂಡಿತು. ಕರೆಗಳು, ಎಚ್ಚರಿಕೆಗಳು, ಓಟಿಪಿಗಳು ಎಲ್ಲ ಹೋಗುವ ಜಾಗದಲ್ಲಿ ಒರೆಸ್ಟ್‌ನ ನಂಬರ್ ಒಂದೇ ಇತ್ತು. ಅಳಿಸಿದಳು. ಆ ಜಾಗ ಕೆಂಪಾಯಿತು. ಇದು ಖಾಲಿಯಿದ್ದರೆ ತೂಗಲು ಶುರು ಮಾಡುವಂತಿಲ್ಲ ಎಂದಿತು. ಕಚೇರಿಯ ನಂಬರ್ ಹಾಕಿದಳು. ಮೊಬೈಲೇ ಆಗಬೇಕು ಎಂದಿತು.

"ನಿಮ್ಮ ನಂಬರ್ ಹೇಳಿ ಡ್ವೇಯ್ನ್, ಹಾಕ್ತೀನಿ."

"ನನ್ನದಾ!" ಅವನು ಒಂದು ಹೆಜ್ಜೆ ಹಿಂದೆ ಸರಿದು ಯಾರದೋ ಕೋಟಿಗೆ ಒರಗಿದ. "ನನಗೆ ಏನು ಗೊತ್ತು ಅದರಲ್ಲಿ? ಅದೂ ಅಲ್ದೆ ಮುಂದಿನ ವಾರ ನಾವು ಮೆಕ್ಸಿಕೋಗೆ ಹೋಗ್ತಿದ್ದೀವಿ. ನಿಂದೇ ಹಾಕು."

"ನಾನು ಕೆಲಸ ಬಿಡ್ತಿದ್ದೀನಿ ಡ್ವೇಯ್ನ್. ಸ್ಯಾಸ್ಕಟೂನಲ್ಲಿ ಸಿಕ್ಕಿದೆ. ಇವತ್ತೇ ಅವರಿಗೆ ತಿಳಿಸಬೇಕು."

ಡ್ವೇಯ್ನ್ ಒರಗಿದ್ದ ಕೋಟಿನಿಂದ ಮುಂದಕ್ಕೆ ಬಂದ. "ಇವತ್ತಾ? ಈ ಜಾಗದಲ್ಲಾ? ಅವನನ್ನ ಮಣ್ಣು ಮಾಡಿ ಬಂದ ಗಳಿಗೇಲಾ?" ಆಮೇಲೆ ದನಿ ತಗ್ಗಿಸಿ, ಪಾಪ ಎನಿಸುವಷ್ಟು ಮೆತ್ತಗೆ ಹೇಳಿದ. "ಹೊಸಬ ಸಿಗೋವರೆಗೆ ಕಣಮ್ಮ. ಅಷ್ಟೆ. ಅಷ್ಟು ಮಾಡು."

ಅವಳಿಗೆ ಲ್ಯಾಪ್‌ಟಾಪನ್ನು ಅವನ ಕಾಲ ಮೇಲೆ ಎತ್ತಿ ಹಾಕಬೇಕೆನಿಸಿತು. ಅಷ್ಟರಲ್ಲಿ ಬಾಗಿಲಲ್ಲಿ ನೆಸ್ಟರ್ ಬಂದು ನಿಂತ. ಅವನ ಹಿಂದೆ ಇನ್ನೂ ಏಳೆಂಟು ಜನ ರೈತರು, ಕಪ್ಪು ಸೂಟು, ಕೈಯಲ್ಲಿ ಟೋಪಿ. ಕೋಟುಗಳಿಗಾಗಿ ಬಂದವರು, ಅವಳನ್ನು ನೋಡಿ ಒಳಗೆ ಬರಲು ಹಿಂಜರಿದರು.

"ಆಗತ್ತಾ ಮಗಳೇ?" ಎಂದ ನೆಸ್ಟರ್. "ಅವಸರ ಏನಿಲ್ಲ. ಹಿಮ ಬೇಗ ಶುರುವಾಗೋ ಹಾಗಿದೆ, ಅದಕ್ಕೇ ಕೇಳ್ದೆ. ಇವತ್ತು ಇಳಿಸದಿದ್ರೆ ಹೊಲದಲ್ಲಿರೋದು ಹೋಯ್ತು ಅಂತಾನೇ."

ಅವಸರ ಏನಿಲ್ಲ ಎಂದ ಮೇಲೂ ಯಾರೂ ಕದಲಲಿಲ್ಲ. ಒರೆಸ್ಟ್‌ನ ನಂಬರನ್ನೇ ಮತ್ತೆ ಹಾಕಿಬಿಟ್ಟರೆ ಐದು ಸೆಕೆಂಡಿನ ಕೆಲಸ, ಸ್ಟೆಫಾಳಿಗೆ ತಿಳಿಯುವುದೂ ಇಲ್ಲ. ಆದರೆ ಸತ್ತವನನ್ನು ಮತ್ತೆ ಕೆಲಸಕ್ಕೆ ಎಬ್ಬಿಸಲು ಅವಳ ಕೈ ಬರಲಿಲ್ಲ. ಕೆಂಪು ಜಾಗದಲ್ಲಿ ತನ್ನ ನಂಬರನ್ನು ಒತ್ತಿದಳು. ಪ್ರೋಗ್ರಾಮು ಒಪ್ಪಿಕೊಂಡಿತು.

"ತೂಗಬಹುದು," ಎಂದಳು.

ಗಂಡಸರು ಕೋಟುಗಳಿಗೆ ಕೈ ಹಾಕಿದರು. ನೆಸ್ಟರ್ ಅವಳ ತಲೆ ನೇವರಿಸಿ ಮೆಟ್ಟಿಲು ಹತ್ತಿದ. ಡ್ವೇಯ್ನ್ ಹೆಬ್ಬೆರಳು ಎತ್ತಿ ತೋರಿಸಿ, ಫೋನ್ ಕಿವಿಗಿಟ್ಟುಕೊಂಡು ಅವರ ಹಿಂದೆಯೇ ಹೋದ. ಕೋಣೆಯಲ್ಲಿ ಖಾಲಿ ಹ್ಯಾಂಗರುಗಳಷ್ಟೇ ಉಳಿದವು.

ಸ್ಟೆಫಾ ತಟ್ಟೆ ಹಿಡಿದುಕೊಂಡು ಬಂದಳು. ಪೆರೋಗಿ ಎಂಬ ಆಲೂಗಡ್ಡೆ ತುಂಬಿದ ಕಡುಬು, ಎರಡು ಎಲೆಕೋಸಿನ ಸುರುಳಿ, ಇನ್ನೂ ಹಬೆಯಾಡುತ್ತಿತ್ತು. "ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು. ತೆಗೆದ್ಯಾ?"

"ತೆಗೆದೆ."

ಸ್ಟೆಫಾ ಇನ್ನೊಂದು ಕೈಯಲ್ಲಿ ಒರೆಸ್ಟ್‌ನ ಫೋನನ್ನು ತೆಗೆದುಕೊಂಡು ಪಕ್ಕದ ಗುಂಡಿಯನ್ನು ಒತ್ತಿ ಹಿಡಿದಳು. ಪರದೆ ಕಪ್ಪಾದ ಮೇಲೂ ಬೆರಳು ತೆಗೆಯಲಿಲ್ಲ. ಆಮೇಲೆ ದೀರ್ಘವಾಗಿ ಉಸಿರು ಬಿಟ್ಟಳು. ಮಂಗಳವಾರದಿಂದ ಬಿಗಿದುಕೊಂಡಿದ್ದ ಅವಳ ಮುಖ ಸ್ವಲ್ಪ ಸಡಿಲವಾಯಿತು.

"ಮತ್ತೆ ಅಲ್ಲಿ ಯಾರದು ಹಾಕಿದೆ?" ಎಂದು ಕೇಳಿದಳು.

ಕೆಂಡ್ರಾ ಉತ್ತರ ಹೇಳುವ ಮೊದಲೇ ಅವಳ ಜೇಬು ಗುರ್ ಎಂದಿತು. ಉತ್ತರ ದಿಕ್ಕಿನ ಕಣಜದವರು. ಒಂದು ಲಾರಿಯ ತೂಕ ಎರಡೆರಡು ಸಲ ಬರುತ್ತಿದೆಯಂತೆ. "ಹೂಂ, ನಾನೇ. ಹೇಳಿ... ಅದನ್ನ ಮುಟ್ಟಬೇಡಿ. ಕೆಳಗೆ ಹಸಿರು ದೀಪ ಕಾಣ್ತಿದೆಯಾ?" ಎನ್ನುತ್ತ ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಲ್ಯಾಪ್‌ಟಾಪ್ ಎಳೆದುಕೊಂಡಳು.

ಸ್ಟೆಫಾ ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತು ನೋಡಿದಳು. ತಿರುಗಿ ಅಡುಗೆಮನೆಗೆ ಹೋಗಿ, ಅಲ್ಯೂಮಿನಿಯಂ ಹಾಳೆಯ ಸುರುಳಿಯಿಂದ ಒಂದು ತುಂಡು ಹರಿದುಕೊಂಡಳು. ಒರೆಸ್ಟ್‌ನ ಊಟಕ್ಕೆ ಎಷ್ಟೋ ರಾತ್ರಿ ಮಾಡಿದ ಹಾಗೆ ಅದನ್ನು ತಟ್ಟೆಯ ಮೇಲೆ ಹೊದಿಸಿ, ಬಿಸಿ ಆರದ ಹಾಗೆ ಅಂಚನ್ನು ಸುತ್ತಲೂ ಹೆಬ್ಬೆರಳಿಂದ ಒತ್ತುತ್ತ ಒತ್ತುತ್ತ ಬಂದು ಬೆಂಚಿನ ತುದಿಯಲ್ಲಿಟ್ಟಳು.